ಹಳೆಯ ಸೈಕಲ್‌ಗಳ ಸಂಗ್ರಹ ಮತ್ತು ಸವಾರಿ ಋತು

ಹಳೆಯ ಸೈಕಲ್‌ಗಳ ಸಂಗ್ರಹವು ತಯಾರಿಕೆ ನಿಂತುಹೋದ ಅಥವಾ ನಿತ್ಯಬಳಕೆಯಿಂದ ಹೊರಬಿದ್ದ ಸೈಕಲ್‌ಗಳನ್ನು ಹುಡುಕಿ ತಂದು, ಅವುಗಳ ಕಾಲ ಹಾಗೂ ತಯಾರಕರನ್ನು ಗುರುತಿಸಿ, ದುರಸ್ತಿ ಮಾಡಿ, ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳುವ ಹವ್ಯಾಸವಾಗಿದೆ. ಹಳೆಯ ನಾಣ್ಯ ಅಥವಾ ಅಂಚೆಚೀಟಿಗಳ ಸಂಗ್ರಹಕ್ಕಿಂತ ಇದು ಒಂದು ವಿಷಯದಲ್ಲಿ ಭಿನ್ನ. ಸೈಕಲ್ ತುಳಿದಾಗ ಮಾತ್ರ ಅದರ ಸ್ಥಿತಿ ತಿಳಿಯುತ್ತದೆ. ಆದ್ದರಿಂದ ಸಂಗ್ರಹಕಾರನಿಗೆ ವರ್ಷದಲ್ಲಿ ದುರಸ್ತಿಯ ಕಾಲ ಮತ್ತು ಸವಾರಿಯ ಕಾಲ ಎಂಬ ಎರಡು ಭಾಗಗಳು ಏರ್ಪಡುತ್ತವೆ.

ಯೂರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ದುರಸ್ತಿಯ ಕಾಲವೆಂದರೆ ಚಳಿಗಾಲ. ಮೈಸೂರು ಜಿಲ್ಲೆಯ ನಂಜನಗೂಡು, ತಿರುಮಕೂಡಲು ನರಸೀಪುರ (ಟಿ. ನರಸೀಪುರ) ಮುಂತಾದ ಕಪಿಲಾ-ಕಾವೇರಿ ಬಯಲಿನ ಊರುಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಇಲ್ಲಿ ಹಳೆಯ ಸೈಕಲ್ಲಿಗೆ ಶತ್ರು ಮಳೆಗಾಲ. ಮಾಗಿಯ ಚಳಿಯೇ ಸವಾರಿಗೆ ಹೇಳಿಮಾಡಿಸಿದ ಋತು.

ವ್ಯಾಪ್ತಿ

ಯಾವ ಸೈಕಲ್ಲನ್ನು 'ಹಳೆಯದು' ಎನ್ನಬೇಕೆಂಬುದಕ್ಕೆ ಎಲ್ಲೆಡೆ ಒಪ್ಪಿತವಾದ ಒಂದೇ ಗಡಿಯಿಲ್ಲ. ಇಟಲಿಯಲ್ಲಿ 1997ರಲ್ಲಿ ಆರಂಭವಾದ 'ಲೆರೋಯಿಕಾ' ಸವಾರಿಯಲ್ಲಿ 1987ಕ್ಕೂ ಹಿಂದಿನ ಮಾದರಿಯ ರೇಸ್ ಸೈಕಲ್‌ಗಳಿಗೆ ಮಾನ್ಯತೆಯಿದೆ. ಭಾರತದಲ್ಲಿ ಸಂಗ್ರಹಕಾರರ ಆಸಕ್ತಿ ಮುಖ್ಯವಾಗಿ ಮೂರು ಬಗೆಯ ಸೈಕಲ್‌ಗಳ ಮೇಲಿರುತ್ತದೆ:

- ಸ್ವಾತಂತ್ರ್ಯಪೂರ್ವದಲ್ಲಿ ಮತ್ತು ಅದರ ಆಸುಪಾಸಿನಲ್ಲಿ ಇಂಗ್ಲೆಂಡಿನಿಂದ ಆಮದಾದ ರ‍್ಯಾಲೆ, ಬಿ.ಎಸ್.ಎ., ಹಂಬರ್, ರಡ್ಜ್, ಹರ್ಕ್ಯುಲಿಸ್, ಫಿಲಿಪ್ಸ್ ಮುಂತಾದವು.
- ಬ್ರಿಟಿಷ್ ಸಹಯೋಗದಿಂದ ಭಾರತದಲ್ಲೇ ತಯಾರಾದ ಸೆನ್-ರ‍್ಯಾಲೆ ಮತ್ತು ಟಿ.ಐ. ಸೈಕಲ್‌ಗಳ ಆರಂಭದ ಮಾದರಿಗಳು.
- ಅಟ್ಲಾಸ್, ಹೀರೋ, ಏವನ್ ಮುಂತಾದ ಭಾರತೀಯ ಕಾರ್ಖಾನೆಗಳ ಹಳೆಯ ಕಪ್ಪು ಸೈಕಲ್‌ಗಳು.

ಇವುಗಳಲ್ಲಿ ಬಹುಪಾಲು 'ರೋಡ್‌ಸ್ಟರ್' ಎಂಬ ವರ್ಗಕ್ಕೆ ಸೇರಿದವು. 28 ಅಂಗುಲದ ಗಾಲಿ, ನೆಟ್ಟಗೆ ಕುಳಿತು ತುಳಿಯುವ ಭಂಗಿ, ಕಡ್ಡಿ ಬ್ರೇಕು, ಚರ್ಮದ ಸೀಟು, ಪೂರ್ಣ ಚೈನ್ ಕವರ್, ಹಿಂದೆ ಭಾರ ಹೊರುವ ಕ್ಯಾರಿಯರ್ ಇವು ಅದರ ಲಕ್ಷಣಗಳು. ಇಂತಹ ಸೈಕಲ್ಲಿನ ತೂಕ ಸುಮಾರು 20 ಕಿಲೋಗ್ರಾಂ.

ಹಿನ್ನೆಲೆ

ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಕಾಲಿನಿಂದ ನೆಲವನ್ನು ಒದ್ದು ಮುನ್ನಡೆಸುವ ಎರಡು ಗಾಲಿಗಳ ವಾಹನವನ್ನು ರೂಪಿಸಿದನು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂಗಾಲಿಗೆ ಪೆಡಲ್ ಜೋಡಿಸಿದ ವಾಹನಗಳು ಪ್ರಚಾರಕ್ಕೆ ಬಂದವು. ಮುಂದಿನ ಗಾಲಿ ಅತಿ ದೊಡ್ಡದಾಗಿ, ಹಿಂದಿನದು ಚಿಕ್ಕದಾಗಿ ಇದ್ದ ಎತ್ತರದ ಸೈಕಲ್‌ಗಳು ಆ ಬಳಿಕ ಬಂದವು. ಅವುಗಳಿಂದ ಬಿದ್ದರೆ ಪ್ರಾಣಾಪಾಯವಿತ್ತು. ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಯಾರಿಸಿದ 'ರೋವರ್' ಸೈಕಲ್ಲಿನಲ್ಲಿ ಎರಡೂ ಗಾಲಿಗಳು ಹೆಚ್ಚುಕಡಿಮೆ ಸಮನಾಗಿದ್ದು, ಚೈನಿನ ಮೂಲಕ ಹಿಂಗಾಲಿ ತಿರುಗುತ್ತಿತ್ತು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದನು. ಈ ಎರಡರ ಕೂಡುವಿಕೆಯಿಂದ ಇಂದಿಗೂ ಬಳಕೆಯಲ್ಲಿರುವ ಸೈಕಲ್ಲಿನ ರೂಪ ಸಿದ್ಧವಾಯಿತು. ಮೂರು ಗೇರುಗಳನ್ನು ಹಿಂಗಾಲಿಯ ಹಬ್ಬಿನೊಳಗೇ ಅಡಗಿಸಿದ ಸ್ಟರ್ಮಿ-ಆರ್ಚರ್ ಯಂತ್ರ 1902-03ರಲ್ಲಿ ಬಳಕೆಗೆ ಬಂದಿತು.

ಭಾರತದಲ್ಲಿ

ಮೊದಲಿಗೆ ಭಾರತಕ್ಕೆ ಸೈಕಲ್‌ಗಳು ಹಡಗಿನಲ್ಲಿ ಬರುತ್ತಿದ್ದವು. 1930ರ ದಶಕದ ಕೊನೆಯಲ್ಲಿ ಬೊಂಬಾಯಿಯ ಹಿಂದ್ ಸೈಕಲ್ಸ್‌ನಂತಹ ದೇಶೀಯ ಕಾರ್ಖಾನೆಗಳು ಹುಟ್ಟಿಕೊಂಡವು. ಸ್ವಾತಂತ್ರ್ಯಾನಂತರ ಆಮದಿನ ಮೇಲೆ ನಿರ್ಬಂಧಗಳು ಬಂದುದರಿಂದ ಬ್ರಿಟಿಷ್ ಕಂಪನಿಗಳು ಭಾರತೀಯ ಪಾಲುದಾರರೊಡನೆ ಇಲ್ಲಿಯೇ ತಯಾರಿಕೆಗೆ ಮುಂದಾದವು. ಮುರುಗಪ್ಪ ಸಮೂಹವು ಬರ್ಮಿಂಗ್‌ಹ್ಯಾಮಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆಗೂಡಿ 1949ರಲ್ಲಿ ಟಿ.ಐ. ಸೈಕಲ್ಸ್ ಆಫ್ ಇಂಡಿಯಾ ಕಂಪನಿಯನ್ನು ಸ್ಥಾಪಿಸಿತು. ಮದರಾಸಿನ ಬಳಿಯ ಅಂಬತ್ತೂರಿನಲ್ಲಿ ಅದರ ಕಾರ್ಖಾನೆಯಿತ್ತು. 1950ರ ದಶಕದ ಆರಂಭದಲ್ಲಿ ಪಶ್ಚಿಮ ಬಂಗಾಳದ ಅಸನ್ಸೋಲ್ ಸಮೀಪ ಸೆನ್-ರ‍್ಯಾಲೆ ಕಾರ್ಖಾನೆ ಕೆಲಸ ಆರಂಭಿಸಿತು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಸೈಕಲ್ಸ್ ಸ್ಥಾಪನೆಯಾದವು. ಹೀರೋ ಕಂಪನಿಯು 1986ರಲ್ಲಿ ಜಗತ್ತಿನ ಅತಿದೊಡ್ಡ ಸೈಕಲ್ ತಯಾರಕ ಎಂದು ಗಿನ್ನೆಸ್ ದಾಖಲೆಗೆ ಸೇರಿತು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು.

ಮೈಸೂರು ಸೀಮೆಯಲ್ಲಿ

ಮೈಸೂರು ಸೀಮೆಯ ಪಟ್ಟಣ ಮತ್ತು ಹಳ್ಳಿಗಳಲ್ಲಿ ಸೈಕಲ್ ಮೊದಲು ಅಂತಸ್ತಿನ ಗುರುತಾಗಿತ್ತು. ಉಪಾಧ್ಯಾಯರು, ಶ್ಯಾನುಭೋಗರು, ಅಮಲ್ದಾರರ ಕಚೇರಿಯ ಗುಮಾಸ್ತರು, ಅಂಚೆಯವರು ಅದನ್ನು ಬಳಸುತ್ತಿದ್ದರು. ಮದುವೆಯಲ್ಲಿ ಅಳಿಯನಿಗೆ ಕೈಗಡಿಯಾರ ಮತ್ತು ಸೈಕಲ್ ಕೊಡುವುದು ಒಂದು ಕಾಲದಲ್ಲಿ ವಾಡಿಕೆಯಾಗಿತ್ತು. ಮುಂದೆ ಹಾಲಿನ ಕ್ಯಾನು, ಬಾಳೆಗೊನೆ, ಮೇವಿನ ಹೊರೆ, ರೇಷ್ಮೆಗೂಡಿನ ಮೂಟೆ ಇವೆಲ್ಲ ಸೈಕಲ್ಲಿನ ಮೇಲೇ ಸಾಗತೊಡಗಿದಾಗ ಅದು ದುಡಿಮೆಗಾರನ ವಾಹನವಾಯಿತು. ಸ್ವಂತಕ್ಕೆ ಕೊಳ್ಳಲಾಗದವರು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಪಡೆಯುತ್ತಿದ್ದರು. ಸೀಟು ಎಟುಕದ ಮಕ್ಕಳು ಚೌಕಟ್ಟಿನ ನಡುವೆ ಕಾಲು ತೂರಿಸಿ ಒಳಪೆಡಲ್ ತುಳಿದೇ ಸವಾರಿ ಕಲಿಯುತ್ತಿದ್ದರು.

ಪುರಸಭೆಗಳು ಸೈಕಲ್ಲಿಗೆ ತೆರಿಗೆ ವಿಧಿಸಿ ಲೋಹದ ಬಿಲ್ಲೆಯನ್ನು ಕೊಡುತ್ತಿದ್ದ ಕಾಲವಿತ್ತು. ರಾತ್ರಿ ದೀಪವಿಲ್ಲದೆ ಹೋಗುವುದು, ಇಬ್ಬರು ಕುಳಿತು ಹೋಗುವುದು ದಂಡಕ್ಕೆ ಗುರಿಯಾಗುವ ತಪ್ಪುಗಳಾಗಿದ್ದವು. ಇಂತಹ ಬಿಲ್ಲೆಗಳು, ಸೀಮೆಎಣ್ಣೆಯ ದೀಪಗಳು, ಡೈನಮೋಗಳು ಇಂದು ಸಂಗ್ರಹದ ವಸ್ತುಗಳಾಗಿವೆ. ಎಲ್ಲರೂ ಬಲ್ಲ ವಾಹನವಾಗಿದ್ದ ಸೈಕಲ್ಲಿನ ಹೆಸರು ಮೈಸೂರಿನ ಪ್ರಸಿದ್ಧ ಊದುಬತ್ತಿಗೂ ಸಂದಿದೆ, ಎನ್. ರಂಗರಾವ್ ಅವರು 1948ರಲ್ಲಿ ಆರಂಭಿಸಿದ ಉದ್ಯಮದ 'ಸೈಕಲ್' ಬ್ರ್ಯಾಂಡ್ ಈಗಲೂ ಮಾರಾಟದಲ್ಲಿದೆ. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ವಿತರಣೆಯನ್ನು ಆರಂಭಿಸಿತು. ಹೀಗೆ ಹೊಸ ಸೈಕಲ್‌ಗಳು ಮನೆಗೆ ಬಂದ ಮೇಲೆ, ಮೋಟಾರ್ ಬೈಕುಗಳು ಸುಲಭವಾಗಿ ದೊರೆತ ಮೇಲೆ, ತಾತನ ಕಾಲದ ಸೈಕಲ್‌ಗಳು ಕೊಟ್ಟಿಗೆ ಸೇರಿದವು ಅಥವಾ ಗುಜರಿಗೆ ಹೋದವು.

ಗುರುತಿಸುವ ಬಗೆ

ಹಳೆಯ ಸೈಕಲ್ಲಿನ ಬಣ್ಣ ಮತ್ತು ಅಕ್ಷರಗಳು ಸಾಮಾನ್ಯವಾಗಿ ಅಳಿಸಿಹೋಗಿರುತ್ತವೆ ಅಥವಾ ಮೇಲೆ ಬೇರೆ ಬಣ್ಣ ಬಳಿದಿರುತ್ತದೆ. ಆದ್ದರಿಂದ ಸಂಗ್ರಹಕಾರರು ಲೋಹದಲ್ಲೇ ಉಳಿದಿರುವ ಗುರುತುಗಳನ್ನು ನೋಡುತ್ತಾರೆ.

ಪೆಡಲಿನ ದೊಡ್ಡ ಹಲ್ಲುಚಕ್ರ: ಇಂಗ್ಲಿಷ್ ತಯಾರಕರು ಈ ಚಕ್ರದ ಒಳಭಾಗವನ್ನು ತಮ್ಮ ಲಾಂಛನದ ಆಕಾರದಲ್ಲೇ ಕತ್ತರಿಸುತ್ತಿದ್ದರು. ರ‍್ಯಾಲೆಯ ಚಕ್ರದಲ್ಲಿ ಬಕಪಕ್ಷಿಯ ತಲೆಗಳು, ಹಂಬರ್ ಚಕ್ರದಲ್ಲಿ ಐದು ಪುಟ್ಟ ಮನುಷ್ಯಾಕೃತಿಗಳು, ರಡ್ಜ್ ಚಕ್ರದಲ್ಲಿ ತೆರೆದ ಅಂಗೈ, ಬಿ.ಎಸ್.ಎ. ಚಕ್ರದಲ್ಲಿ ಆ ಮೂರು ಅಕ್ಷರಗಳು ಕಾಣುತ್ತವೆ.

ಹ್ಯಾಂಡಲ್ಲಿನ ಕೆಳಗಿನ ಬಿಲ್ಲೆ: ಚೌಕಟ್ಟಿನ ಮುಂದಲೆಗೆ ಹೊಡೆದ ಹಿತ್ತಾಳೆ ಅಥವಾ ತಗಡಿನ ಲಾಂಛನವಿದು. ಬಿ.ಎಸ್.ಎ. ಕಂಪನಿಯು ಮೂಲತಃ 1861ರಲ್ಲಿ ಬಂದೂಕು ತಯಾರಿಕೆಗಾಗಿ ಹುಟ್ಟಿದ್ದರಿಂದ, ಒಂದಕ್ಕೊಂದು ಒರಗಿಸಿಟ್ಟ ಮೂರು ಬಂದೂಕುಗಳು ಅದರ ಚಿಹ್ನೆಯಾಗಿವೆ.

ಹಬ್ಬಿನ ಮೇಲಿನ ಅಂಕಿ: ಸ್ಟರ್ಮಿ-ಆರ್ಚರ್ ಗೇರು ಹಬ್ಬುಗಳ ಮೇಲೆ ತಯಾರಾದ ವರ್ಷ ಹಾಗೂ ತಿಂಗಳನ್ನು ಒತ್ತಿರುವುದುಂಟು. ಗಾಲಿ ಬದಲಾಗಿಲ್ಲವಾದರೆ ಸೈಕಲ್ಲಿನ ವಯಸ್ಸನ್ನು ಇದರಿಂದ ಊಹಿಸಬಹುದು.

ಕಡ್ಡಿಗಳ ಎಣಿಕೆ: ಬ್ರಿಟಿಷ್ ಸಂಪ್ರದಾಯದಲ್ಲಿ ಮುಂಗಾಲಿಗೆ 32, ಹಿಂಗಾಲಿಗೆ 40 ಕಡ್ಡಿಗಳಿರುತ್ತವೆ.

ಹೆಸರಿನ ಬಗ್ಗೆ ಎಚ್ಚರ ಅಗತ್ಯ. ರ‍್ಯಾಲೆ ಕಂಪನಿಯು ಹಂಬರ್ ಸೈಕಲ್‌ಗಳನ್ನು 1932ರಲ್ಲಿ, ರಡ್ಜ್ ಅನ್ನು 1943ರಲ್ಲಿ, ಬಿ.ಎಸ್.ಎ. ಸೈಕಲ್ ವಿಭಾಗವನ್ನು 1957ರಲ್ಲಿ ಕೊಂಡಿತು. 1960ರಲ್ಲಿ ರ‍್ಯಾಲೆಯೇ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್‌ನ ಒಡೆತನಕ್ಕೆ ಬಂದಿತು. ಹೀಗಾಗಿ ಬೇರೆ ಬೇರೆ ಹೆಸರಿನ ಸೈಕಲ್‌ಗಳು ಒಂದೇ ಕಾರ್ಖಾನೆಯಿಂದ ಬಂದಿರಬಹುದು. ಬಿಡಿಭಾಗ ಜೋಡಿಸುವಾಗಲೂ ಇದು ಮುಖ್ಯ. ರ‍್ಯಾಲೆ ತನ್ನ ಪೆಡಲ್ ಅಚ್ಚಿನ ಬಟ್ಟಲಿಗೆ ಅಂಗುಲಕ್ಕೆ 26 ಮರೆಗಳನ್ನು ಕೊರೆಯುತ್ತಿತ್ತು. ಸಾಮಾನ್ಯ ಬ್ರಿಟಿಷ್ ಅಳತೆ 24. ಅರಿಯದೆ ಒಂದರ ಬಟ್ಟಲನ್ನು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಚೌಕಟ್ಟಿನ ಮರೆ ಕೆಟ್ಟು, ಮೂಲಭಾಗವನ್ನು ಮತ್ತೆ ಕೂರಿಸುವುದು ಕಷ್ಟವಾಗುತ್ತದೆ.

ಹವಾಮಾನ ಮತ್ತು ಸವಾರಿ ಋತು

ಶೀತ ದೇಶಗಳಲ್ಲಿ

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದ ರಸ್ತೆಗಳಿಗೆ ಹಿಮ ಕರಗಿಸಲು ಉಪ್ಪು ಎರಚುತ್ತಾರೆ. ಉಪ್ಪುನೀರು ಕಬ್ಬಿಣವನ್ನು ಬೇಗ ತಿನ್ನುವುದರಿಂದ ಅಲ್ಲಿನ ಸಂಗ್ರಹಕಾರರು ಶರತ್ಕಾಲದ ಕೊನೆಗೆ ಸೈಕಲ್‌ಗಳನ್ನು ಒಳಗಿಟ್ಟು, ಚಳಿಗಾಲವಿಡೀ ಬಿಚ್ಚುವುದು, ತೊಳೆಯುವುದು, ಬಿಡಿಭಾಗ ಹುಡುಕುವುದು ಇವುಗಳಲ್ಲಿ ಕಳೆಯುತ್ತಾರೆ. ವಸಂತ ಬಂದು ರಸ್ತೆ ಒಣಗಿದ ಮೇಲೆ ಸವಾರಿ ಆರಂಭ.

ಕಪಿಲಾ-ಕಾವೇರಿ ಬಯಲಿನಲ್ಲಿ

ಮೈಸೂರಿನ ಸರಾಸರಿ ವಾರ್ಷಿಕ ಮಳೆ ಸುಮಾರು 800 ಮಿಲಿಮೀಟರ್. ಇದು ಮಲೆನಾಡಿನ ಮಳೆಗೆ ಹೋಲಿಸಿದರೆ ಕಡಿಮೆಯೇ. ಆದರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಿಂದ ಮೊದಲ್ಗೊಂಡು ನವೆಂಬರ್‌ವರೆಗೆ ಅದು ಹಂಚಿಹೋಗಿದ್ದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೆ ಜೋರಾಗುತ್ತದೆ. ವರ್ಷವನ್ನು ಹಳೆಯ ಸೈಕಲ್ಲಿನ ದೃಷ್ಟಿಯಿಂದ ಹೀಗೆ ವಿಂಗಡಿಸಬಹುದು:

- ಜೂನ್‌ನಿಂದ ಆಗಸ್ಟ್: ಮೋಡ, ತುಂತುರು, ಸತತವಾದ ತೇವ. ಒಳಗಿಟ್ಟು ದುರಸ್ತಿ ಮಾಡುವ ಕಾಲ.
- ಸೆಪ್ಟೆಂಬರ್‌ನಿಂದ ನವೆಂಬರ್ ನಡುವಿನವರೆಗೆ: ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಮಳೆಗಳು. ನಡುನಡುವೆ ಬಿಸಿಲು, ಸವಾರಿ ಅನಿಶ್ಚಿತ.
- ನವೆಂಬರ್ ಕೊನೆಯಿಂದ ಫೆಬ್ರವರಿ: ಒಣಗಾಳಿ, ಬೆಳಗಿನ ಮಂಜು, ಹಿತವಾದ ಬಿಸಿಲು. ಸವಾರಿ ಋತು.
- ಮಾರ್ಚ್‌ನಿಂದ ಮೇ: ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಸಮೀಪಿಸುವ ಕಾಲ. ಮುಂಜಾನೆಯ ಸವಾರಿ ಮಾತ್ರ ಹಿತ.

ನವರಾತ್ರಿಯ ಆಯುಧಪೂಜೆ ಈ ಚಕ್ರದಲ್ಲಿ ಒಂದು ಗಡಿಗಲ್ಲಿನಂತಿದೆ. ಅಂದು ಮನೆಯ ಸೈಕಲ್ಲನ್ನು ತೊಳೆದು, ಎಣ್ಣೆ ಬಿಟ್ಟು, ಗಂಧ ಕುಂಕುಮ ಹಚ್ಚಿ, ಹೂವಿನ ಹಾರ ಹಾಕುವ ಪದ್ಧತಿ ಈ ಭಾಗದಲ್ಲಿ ಸಾರ್ವತ್ರಿಕವಾಗಿದೆ. ವರ್ಷಕ್ಕೊಮ್ಮೆಯಾದರೂ ಸೈಕಲ್ಲನ್ನು ಕೂಲಂಕಷವಾಗಿ ನೋಡುವ ಅವಕಾಶವನ್ನು ಈ ಹಬ್ಬ ಒದಗಿಸುತ್ತದೆ. ಆದರೆ ಅದರ ನಂತರವೂ ಚಿತ್ತೆ, ಸ್ವಾತಿ ಮಳೆಗಳು ಉಳಿದಿರುವುದರಿಂದ, ಪೂಜೆಯಾದ ಕೂಡಲೇ ದೂರದ ಸವಾರಿಗೆ ಹೊರಡುವುದು ಅವಸರವಾದೀತು.

ನದಿಯ ಪ್ರವಾಹ

ಈ ಎರಡು ತಾಲ್ಲೂಕುಗಳ ವಿಶೇಷವೆಂದರೆ, ಊರಿನಲ್ಲಿ ಮಳೆ ಇಲ್ಲದಿದ್ದರೂ ನೀರು ಬರಬಹುದು. ಕಬಿನಿ ಎಂದೂ ಕರೆಯಲಾಗುವ ಕಪಿಲಾ ನದಿ ಕೇರಳದ ವಯನಾಡಿನಲ್ಲಿ ಹುಟ್ಟುತ್ತದೆ. ಜುಲೈ-ಆಗಸ್ಟ್‌ನಲ್ಲಿ ವಯನಾಡಿನಲ್ಲಿ ಭಾರಿ ಮಳೆಯಾದಾಗ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಜಲಾಶಯದಿಂದ ಹೊರಬಿಡುವ ನೀರು ನಂಜನಗೂಡನ್ನು ತಲುಪುತ್ತದೆ. ಅಲ್ಲಿನ ನದೀತೀರದ ಹದಿನಾರು ಕಾಲು ಮಂಟಪ ಎಷ್ಟು ಮುಳುಗಿದೆ ಎಂಬುದರಿಂದಲೇ ಊರವರು ಪ್ರವಾಹವನ್ನು ಅಳೆಯುತ್ತಾರೆ. ಟಿ. ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಸೇರುವುದರಿಂದ, ಕೃಷ್ಣರಾಜಸಾಗರದ ನೀರೂ ಕೂಡಿಕೊಂಡು ಸಂಗಮದ ಸ್ನಾನಘಟ್ಟಗಳು ಮುಳುಗುತ್ತವೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು. ಮಲ್ಲನಮೂಲೆ ಮಠದ ಬಳಿ ಹೆದ್ದಾರಿ ಜಲಾವೃತವಾಗಿ ಮೈಸೂರು-ನಂಜನಗೂಡು ಸಂಚಾರ ಸ್ಥಗಿತಗೊಂಡಿತು. ಇಂತಹ ಸಂದರ್ಭದಲ್ಲಿ ಜನ, ಜಾನುವಾರು, ದವಸಧಾನ್ಯಗಳೇ ಮೊದಲು. ಗೋಡೆಗೊರಗಿಸಿದ ಹಳೆಯ ಸೈಕಲ್ ಕೊನೆಯದು. ನದಿಯಂಚಿನ ಮನೆಗಳಲ್ಲಿ ಸೈಕಲ್ಲನ್ನು ಮಳೆಗಾಲಕ್ಕೆ ಮುನ್ನವೇ ಅಟ್ಟಕ್ಕೋ ಎತ್ತರದ ಕೊಕ್ಕೆಗೋ ಏರಿಸುವುದು ಈ ಕಾರಣಕ್ಕೆ ಉಚಿತ.

ಮಳೆಗಾಲದ ಆರೈಕೆ

ತುಕ್ಕು

ಕಬ್ಬಿಣ, ಗಾಳಿಯ ಆಮ್ಲಜನಕ ಮತ್ತು ನೀರು ಸೇರಿ ತುಕ್ಕಾಗುತ್ತದೆ. ಇದಕ್ಕೆ ಮಳೆಯಲ್ಲಿ ನೆನೆಯಲೇಬೇಕೆಂದಿಲ್ಲ. ಗಾಳಿಯ ತೇವಾಂಶ ಹೆಚ್ಚಿದರೂ ಸಾಕು. ಮಿರುಗುವ ಕ್ರೋಮ್ ಲೇಪನದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ತೇವ ಅವುಗಳ ಮೂಲಕ ಒಳಹೊಕ್ಕು ಒಳಗಿನ ಉಕ್ಕನ್ನು ತಿಂದು ಲೇಪನವನ್ನು ಚಕ್ಕೆಯಾಗಿ ಎಬ್ಬಿಸುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮೊದಲು ರಿಮ್ಮು, ಹ್ಯಾಂಡಲ್, ಬ್ರೇಕಿನ ಕಡ್ಡಿಗಳನ್ನು ಒಣಬಟ್ಟೆಯಿಂದ ಒರೆಸಿ ತೆಳುವಾಗಿ ಮೆಷಿನ್ ಎಣ್ಣೆ ಅಥವಾ ಮೇಣ ಸವರಲಾಗುತ್ತದೆ. ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಹಳೆಯ ಹತ್ತಿ ಸೀರೆ ಅಥವಾ ಪಂಚೆಯ ಹೊದಿಕೆ ಲೇಸು.

ಈಗಾಗಲೇ ಹಿಡಿದ ತೆಳುವಾದ ತುಕ್ಕನ್ನು ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ಉಜ್ಜಿ ತೆಗೆಯಬಹುದು. ಹಠಮಾರಿ ತುಕ್ಕಿಗೆ ಆಕ್ಸಾಲಿಕ್ ಆಮ್ಲದ ದುರ್ಬಲ ದ್ರಾವಣ ಬಳಸುವುದುಂಟು. ಇದು ವಿಷವಾದ್ದರಿಂದ ಕೈಗವಸು ಅಗತ್ಯ, ಮಕ್ಕಳಿಗೆ ಎಟುಕದಂತಿಡಬೇಕು. ಮನೆಯಲ್ಲಿ ಹಿತ್ತಾಳೆ ಪಾತ್ರೆಗೆ ಬಳಸುವ ಹುಣಸೆಹಣ್ಣು-ಉಪ್ಪನ್ನು ಸೈಕಲ್ಲಿನ ಉಕ್ಕಿಗೆ ಹಚ್ಚುವುದು ಸಲ್ಲದು. ಉಪ್ಪಿನ ಅಂಶ ಸಂದುಗಳಲ್ಲಿ ಉಳಿದರೆ ಹೊಸ ತುಕ್ಕಿಗೆ ದಾರಿಯಾಗುತ್ತದೆ. ಹಿತ್ತಾಳೆಯ ಲಾಂಛನವನ್ನು ಅತಿಯಾಗಿ ಉಜ್ಜಿದರೆ ಅದರ ಉಬ್ಬು ಅಕ್ಷರಗಳೇ ಸವೆದುಹೋಗುತ್ತವೆ.

ಎಣ್ಣೆ ಮತ್ತು ಗ್ರೀಸು

ಚೈನು, ಫ್ರೀವೀಲು ಮತ್ತು ಬೇರಿಂಗುಗಳ ಹಳೆಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು ಸೈಕಲ್ ರಿಪೇರಿಯವರ ರೂಢಿ. ತೊಳೆದ ಮೇಲೆ ಪೂರ್ತಿ ಒಣಗಿಸಿ, ಗುಂಡುಗಳಿಗೆ ಹೊಸ ಗ್ರೀಸು, ಚೈನಿಗೆ ಎಣ್ಣೆ ಹಾಕಬೇಕು. ಅಡುಗೆಯ ಎಣ್ಣೆಗಳು ಗಾಳಿಗೆ ಅಂಟಾಗಿ ದೂಳನ್ನು ಹಿಡಿಯುತ್ತವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ, ಸವಾರಿಯ ಋತುವಾದ ಮಾಗಿಯ ಬೆಳಗಿನಲ್ಲೇ ಅದು ನಿರುಪಯುಕ್ತವಾಗುತ್ತದೆ.

ಚರ್ಮದ ಸೀಟು

ಹಳೆಯ ಸೀಟು ಕಬ್ಬಿಣದ ಚೌಕಟ್ಟಿಗೆ ಬಿಗಿದ ಒಂದೇ ದಪ್ಪ ಚರ್ಮ. 1866ರಲ್ಲಿ ಸ್ಥಾಪನೆಯಾದ ಇಂಗ್ಲೆಂಡಿನ ಬ್ರೂಕ್ಸ್ ಕಂಪನಿಯ ಸೀಟುಗಳು ಇದರಲ್ಲಿ ಪ್ರಸಿದ್ಧ. ತೇವದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ನೆನೆದ ಸೀಟಿನ ಮೇಲೆ ಕುಳಿತರೆ ಅದು ಜೋತುಬೀಳುತ್ತದೆ. ಒದ್ದೆಯಾದ ಸೀಟನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಒಲೆಯ ಬಳಿ ಅಥವಾ ಸುಡುಬಿಸಿಲಿನಲ್ಲಿ ಇಟ್ಟರೆ ಸೀಳುತ್ತದೆ. ಎಣ್ಣೆಯನ್ನು ಧಾರಾಳವಾಗಿ ಕುಡಿಸುವುದೂ ಚರ್ಮವನ್ನು ಮೆತ್ತಗಾಗಿಸುತ್ತದೆ. ಚರ್ಮಕ್ಕೆಂದೇ ಇರುವ ಮೇಣವನ್ನು ಹಿತಮಿತವಾಗಿ ಹಚ್ಚುವುದು ಸರಿ.

ಟೈರು ಮತ್ತು ಟ್ಯೂಬು

ಗಾಳಿಯಿಲ್ಲದ ಟೈರಿನ ಮೇಲೆ ತಿಂಗಳುಗಟ್ಟಲೆ ಸೈಕಲ್ ನಿಂತರೆ ರಬ್ಬರು ಒಂದೇ ಕಡೆ ಬಿರಿಯುತ್ತದೆ. ತೂಗುಹಾಕುವುದು ಅಥವಾ ಮೇಲುಕೆಳಗಾಗಿ ನಿಲ್ಲಿಸುವುದು ಪರಿಹಾರ. ಟ್ಯೂಬಿನ ಮೂತಿಯೊಳಗಿನ ಸಣ್ಣ ರಬ್ಬರು ಕೊಳವೆ, ಅಂದರೆ ವಾಲ್‌ಟ್ಯೂಬ್, ಒಂದೆರಡು ಮಳೆಗಾಲದಲ್ಲಿ ಅಂಟಾಗಿ ಕೆಡುತ್ತದೆ. ಗಾಳಿ ನಿಲ್ಲದಿದ್ದರೆ ಪಂಚರ್ ಹುಡುಕುವ ಮುನ್ನ ಇದನ್ನು ಬದಲಿಸಿ ನೋಡಬೇಕು. 28 × 1½ ಅಳತೆಯ ಟೈರುಗಳು ಭಾರತದಲ್ಲಿ ಈಗಲೂ ತಯಾರಾಗುತ್ತಿರುವುದು ಇಲ್ಲಿನ ಸಂಗ್ರಹಕಾರರಿಗೆ ದೊಡ್ಡ ಅನುಕೂಲ.

ಪ್ರವಾಹದಲ್ಲಿ ಮುಳುಗಿದ ಸೈಕಲ್

ನದಿಯ ನೀರು ಹೊಕ್ಕ ಸೈಕಲ್ಲನ್ನು ಒಣಗಿತೆಂದು ತುಳಿಯಬಾರದು. ನೀರು ಬತ್ತಿದರೂ ಸಣ್ಣ ಮರಳು ಮತ್ತು ಮೆಕ್ಕಲು ಬೇರಿಂಗುಗಳಲ್ಲಿ ಉಳಿದು, ತುಳಿದಷ್ಟೂ ಗುಂಡು ಮತ್ತು ಬಟ್ಟಲುಗಳನ್ನು ಅರೆಯುತ್ತವೆ. ಮೊದಲು ಸೀಟಿನ ಕಂಬವನ್ನು ಹೊರತೆಗೆದು ಸೈಕಲ್ಲನ್ನು ತಲೆಕೆಳಗು ಮಾಡಿ ಕೊಳವೆಗಳಲ್ಲಿ ನಿಂತ ನೀರನ್ನು ಸುರಿಯಬೇಕು. ಆಮೇಲೆ ಸಿಹಿನೀರಿನಿಂದ ಕೆಸರು ತೊಳೆದು, ಎರಡು ಗಾಲಿಗಳ ಅಚ್ಚು, ಪೆಡಲ್ ಅಚ್ಚು, ಹ್ಯಾಂಡಲ್ ಬಟ್ಟಲುಗಳನ್ನು ಬಿಚ್ಚಿ ಶುದ್ಧಮಾಡಬೇಕು. ಮೊದಲ ಕೆಲವು ದಿನಗಳಲ್ಲೇ ಇದನ್ನು ಮಾಡಿದರೆ ಸೈಕಲ್ ಉಳಿಯುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಅಚ್ಚುಗಳು ಕಚ್ಚಿಕೊಳ್ಳುತ್ತವೆ.

ಸಂರಕ್ಷಣೆಯೋ ನವೀಕರಣವೋ

ಹಳೆಯ ಸೈಕಲ್ಲಿಗೆ ಹೊಸ ಬಣ್ಣ ಬಳಿಯಬೇಕೆ, ಇದ್ದಂತೆಯೇ ಉಳಿಸಬೇಕೆ ಎಂಬುದು ಸಂಗ್ರಹಕಾರರಲ್ಲಿ ಚರ್ಚೆಯ ವಿಷಯ. ಕಾರ್ಖಾನೆಯಲ್ಲಿ ಕುಲುಮೆಯ ಶಾಖದಲ್ಲಿ ಕೂರಿಸಿದ ಕಪ್ಪು ಬಣ್ಣ, ಅದರ ಮೇಲೆ ಕುಂಚದಿಂದ ಎಳೆದ ಬಂಗಾರದ ಗೆರೆ, ಲಾಂಛನದ ಮುದ್ರೆ ಇವು ಒಮ್ಮೆ ಹೋದರೆ ಮತ್ತೆ ಬಾರವು. ಮೂಲ ಬಣ್ಣ ಅರ್ಧದಷ್ಟು ಉಳಿದಿದ್ದರೂ ಅದನ್ನು ಶುಚಿಮಾಡಿ ಮೇಣ ಹಚ್ಚಿ ಕಾಪಾಡುವುದೇ ಮೇಲು ಎಂಬುದು ಒಂದು ಪಕ್ಷ. ತುಕ್ಕು ಚೌಕಟ್ಟಿನ ಬಲವನ್ನೇ ತಿಂದಿದ್ದರೆ, ಪೂರ್ತಿ ಬಿಚ್ಚಿ ಹೊಸ ಬಣ್ಣ ಕೊಡದೆ ಗತಿಯಿಲ್ಲ ಎಂಬುದು ಇನ್ನೊಂದು. ಮನೆತನದ ಸೈಕಲ್ಲಿನ ವಿಷಯದಲ್ಲಿ ಮತ್ತೊಂದು ಅಂಶವೂ ಸೇರುತ್ತದೆ. ಕ್ಯಾರಿಯರಿಗೆ ಬೆಸೆದ ಹಾಲಿನ ಕ್ಯಾನಿನ ಕೊಕ್ಕೆ, ಚೌಕಟ್ಟಿನ ಮೇಲೆ ಬರೆಸಿದ ಒಡೆಯನ ಹೆಸರು, ಮಗುವಿಗಾಗಿ ಮುಂದೆ ಜೋಡಿಸಿದ ಸಣ್ಣ ಸೀಟು ಇವು ಕಾರ್ಖಾನೆಯ ಮೂಲಭಾಗಗಳಲ್ಲ. ಆದರೂ ಅವು ಆ ಸೈಕಲ್ ಯಾರಿಗೆ, ಯಾವ ದುಡಿಮೆಗೆ ನೆರವಾಯಿತು ಎಂಬುದರ ದಾಖಲೆಗಳು. ಅವನ್ನು ಕಿತ್ತು 'ಹೊಸದರಂತೆ' ಮಾಡಿದಾಗ ಊರಿನ ಚರಿತ್ರೆಯ ಒಂದು ತುಣುಕು ಕಳೆದುಹೋಗುತ್ತದೆ. ಬಿಚ್ಚುವ ಮೊದಲು ಎಲ್ಲ ಕೋನಗಳಿಂದ ಛಾಯಾಚಿತ್ರ ತೆಗೆದಿಡುವುದು ಎರಡೂ ಪಕ್ಷದವರು ಒಪ್ಪುವ ನಿಯಮ.

ಸವಾರಿಗೆ ಮುನ್ನ

ಕಡ್ಡಿ ಬ್ರೇಕಿನಲ್ಲಿ ರಬ್ಬರಿನ ಗಟ್ಟಿಗಳು ಉಕ್ಕಿನ ರಿಮ್ಮಿಗೆ ಒತ್ತುತ್ತವೆ. ಉಕ್ಕು ಒದ್ದೆಯಾದಾಗ ಹಿಡಿತ ಬಹಳ ಕಡಿಮೆಯಾಗಿ ಸೈಕಲ್ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಮಳೆಗಾಲದಲ್ಲಿ ಹಳೆಯ ಸೈಕಲ್ಲನ್ನು ಹೊರತೆಗೆಯದಿರಲು ತುಕ್ಕಿನಷ್ಟೇ ಇದೂ ಕಾರಣ. ಋತುವಿನ ಮೊದಲ ಸವಾರಿಗೆ ಮುನ್ನ ಈ ಕೆಳಗಿನವುಗಳನ್ನು ಪರೀಕ್ಷಿಸುವುದು ವಾಡಿಕೆ:

- ಬ್ರೇಕಿನ ಕಡ್ಡಿಗಳ ಕೀಲು, ಗಟ್ಟಿಯಾಗಿಹೋದ ರಬ್ಬರು.
- ಪೆಡಲ್ ತೋಳನ್ನು ಹಿಡಿದಿರುವ ಕಾಟರ್ ಪಿನ್ನಿನ ಬಿಗಿ. ತುಳಿಯುವಾಗ ಪ್ರತಿ ಸುತ್ತಿಗೂ 'ಟಕ್' ಎಂದರೆ ಪಿನ್ನು ಸವೆದಿದೆ ಎಂದರ್ಥ.
- ಗಾಲಿಯ ಓಲಾಟ, ಸಡಿಲವಾದ ಅಥವಾ ಮುರಿದ ಕಡ್ಡಿಗಳು.
- ಮುಂದಿನ ಫೋರ್ಕಿನಲ್ಲಿ ಬಿರುಕು. ಮುಖ್ಯವಾಗಿ ಹ್ಯಾಂಡಲ್ ಬಟ್ಟಲಿನ ಕೆಳಭಾಗದಲ್ಲಿ.
- ಬೆಲ್ಲು, ದೀಪ ಮತ್ತು ಹಿಂದಿನ ಕೆಂಪು ಪ್ರತಿಫಲಕ. ಮಾಗಿಯ ಮಂಜಿನಲ್ಲಿ ಇವು ಅತ್ಯಗತ್ಯ.

ಮಾರ್ಗಗಳು

ಎರಡು ನದಿಗಳ ನಡುವಿನ ನೆಲ ಬಹುಮಟ್ಟಿಗೆ ಸಮತಟ್ಟಾಗಿರುವುದರಿಂದ ಗೇರಿಲ್ಲದ ಭಾರದ ಸೈಕಲ್ಲಿಗೆ ಅನುಕೂಲಕರವಾಗಿದೆ. ಮೈಸೂರಿನಿಂದ ನಂಜನಗೂಡಿಗೆ ಸುಮಾರು 23 ಕಿಲೋಮೀಟರ್, ಟಿ. ನರಸೀಪುರಕ್ಕೆ ಸುಮಾರು 30 ಕಿಲೋಮೀಟರ್ ದೂರವಿದೆ. ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡಲಾಗಿ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಇಟ್ಟಿಗೆಯ ಸೇತುವೆ ಇದೆ. ಒಂದು ಕಾಲದಲ್ಲಿ ರಸ್ತೆ ಮತ್ತು ಮೀಟರ್ ಗೇಜ್ ರೈಲು ಎರಡನ್ನೂ ಅದು ಹೊತ್ತಿತ್ತು. ನಂಜನಗೂಡು ಮತ್ತು ಟಿ. ನರಸೀಪುರಗಳ ನಡುವೆ ನದಿಯ ಪಕ್ಕದ ಸುತ್ತೂರು, ಟಿ. ನರಸೀಪುರದಿಂದ ಮುಂದೆ ಹೊಯ್ಸಳ ಕೇಶವ ದೇವಾಲಯವಿರುವ ಸೋಮನಾಥಪುರ, ಮರಳಿನಲ್ಲಿ ಹುದುಗಿದ ಗುಡಿಗಳ ತಲಕಾಡು, ಬೆಟ್ಟದ ಮೇಲಿನ ಮುಡುಕುತೊರೆ ಇವು ಭತ್ತದ ಗದ್ದೆ, ನಾಲೆಗಳ ಹಾದಿಯಲ್ಲಿ ತಲುಪಬಹುದಾದ ಸ್ಥಳಗಳು.

ಸವಾರಿ ಋತು ಜಾತ್ರೆಗಳ ಕಾಲವೂ ಹೌದು. ಸುತ್ತೂರು ಮತ್ತು ಮುಡುಕುತೊರೆಯ ಜಾತ್ರೆಗಳು ಜನವರಿ-ಫೆಬ್ರವರಿಯ ಆಸುಪಾಸಿನಲ್ಲಿ ನಡೆಯುತ್ತವೆ. ತ್ರಿವೇಣಿ ಸಂಗಮದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳವೂ ಫೆಬ್ರವರಿಯ ಸುಮಾರಿಗೆ ಬರುತ್ತದೆ. 2019 ಮತ್ತು 2025ರಲ್ಲಿ ಅದು ಜರುಗಿತು. ಮಾರ್ಚ್-ಏಪ್ರಿಲ್‌ನಲ್ಲಿ ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿಯ ದೊಡ್ಡ ಜಾತ್ರೆಯ ಪಂಚರಥಗಳು ಹೊರಡುವ ವೇಳೆಗೆ ಬಿಸಿಲು ಏರಿ, ದೂರದ ಸವಾರಿಗಳ ಕಾಲ ಮುಗಿಯುತ್ತ ಬಂದಿರುತ್ತದೆ.

ಸಂಗ್ರಹಾಲಯಗಳು ಮತ್ತು ಕೂಟಗಳು

ಬ್ರಿಟನ್ನಿನ ವೆಟರನ್-ಸೈಕಲ್ ಕ್ಲಬ್ 1955ರಲ್ಲಿ ಸ್ಥಾಪನೆಯಾಯಿತು. ಹಳೆಯ ಕಾಲದ ಉಡುಪಿನಲ್ಲಿ ಹಳೆಯ ಸೈಕಲ್ ತುಳಿಯುವ ಲಂಡನ್ನಿನ 'ಟ್ವೀಡ್ ರನ್' 2009ರಲ್ಲಿ ಆರಂಭವಾಯಿತು. ಭಾರತದಲ್ಲಿ ಪುಣೆಯ ಕರ್ವೆ ನಗರದಲ್ಲಿರುವ ವಿಕ್ರಮ್ ಪೆಂಡ್ಸೆ ಸೈಕಲ್ ಸಂಗ್ರಹಾಲಯ 2017ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮೈಸೂರಿನಲ್ಲಿ ಹಳೆಯ ವಾಹನಗಳ ಅಭಿಮಾನ ಹೊಸದಲ್ಲ. 1961ರಲ್ಲಿ ಉದ್ಘಾಟನೆಯಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರ್ ಸೈಕಲ್‌ಗಳಿಗಾಗಿ ಪ್ರತಿ ಜುಲೈನಲ್ಲಿ ಅಭಿಮಾನಿಗಳು ಸೇರುವುದುಂಟು. 2017ರ ಜೂನ್‌ನಲ್ಲಿ ಆರಂಭವಾದ 'ಟ್ರಿಣ್ ಟ್ರಿಣ್' ಸಾರ್ವಜನಿಕ ಸೈಕಲ್ ಯೋಜನೆ 450 ಸೈಕಲ್‌ಗಳೊಡನೆ ನಗರದಲ್ಲಿ ಸೈಕಲ್ ಸವಾರಿಗೆ ಮತ್ತೆ ಗಮನ ಸೆಳೆಯಿತು.

ಸವಾಲುಗಳು

ಹಳೆಯ ಸೈಕಲ್‌ಗಳ ಬಹುದೊಡ್ಡ ನಷ್ಟ ಗುಜರಿ ಅಂಗಡಿಯಲ್ಲಿ ಆಗುತ್ತದೆ. ಅಲ್ಲಿ ಸೈಕಲ್ಲಿಗೆ ಸಿಗುವುದು ಕಬ್ಬಿಣದ ತೂಕದ ಬೆಲೆ ಮಾತ್ರ. ಹಂಬರ್ ಚಕ್ರದ ಐದು ಮನುಷ್ಯಾಕೃತಿಗಳಿಗೆ ಅಲ್ಲಿ ಬೇರೆ ಬೆಲೆಯಿಲ್ಲ. ಎರಡನೆಯದು ಬಿಡಿಭಾಗಗಳ ಕೊರತೆ. ಒಂದು ಸೈಕಲ್ಲನ್ನು ಉಳಿಸಲು ಇನ್ನೊಂದನ್ನು ಬಿಚ್ಚುವ ಸಂದರ್ಭಗಳು ಇದರಿಂದ ಒದಗುತ್ತವೆ.

ಮೂರನೆಯದು ಕೈಕಸುಬಿನ ಅಳಿವು. ಕಡ್ಡಿ ಬ್ರೇಕನ್ನು ಹದಗೊಳಿಸುವುದು, ಗಾಲಿಯ ಓಲಾಟವನ್ನು ಕಿವಿ ಮತ್ತು ಬೆರಳಿನಿಂದಲೇ ಅರಿತು ಕಡ್ಡಿ ಬಿಗಿಯುವುದು, ಕಾಟರ್ ಪಿನ್ನನ್ನು ಅರದಿಂದ ಉಜ್ಜಿ ಕೂರಿಸುವುದು ಇವು ಪುಸ್ತಕದಿಂದ ಕಲಿಯುವ ವಿದ್ಯೆಗಳಲ್ಲ. ಬಾಡಿಗೆ ಸೈಕಲ್ ಅಂಗಡಿಗಳಲ್ಲಿ ಹುಡುಗನಾಗಿ ಸೇರಿ ಕಲಿತ ತಲೆಮಾರಿಗೆ ವಯಸ್ಸಾಗುತ್ತಿದೆ. ಅಂತಹ ಅಂಗಡಿಗಳು ಮೋಟಾರ್ ಬೈಕ್ ಪಂಚರಿಗೆ ಬದಲಾಗಿವೆ ಅಥವಾ ಮುಚ್ಚಿವೆ. ಆದ್ದರಿಂದ ಸಂಗ್ರಹವೆಂಬುದು ವಸ್ತುವನ್ನು ಉಳಿಸುವುದರ ಜೊತೆಗೆ ಆ ಕೆಲಸಗಾರರ ಅನುಭವವನ್ನು ಕೇಳಿ ಬರೆದಿಡುವುದನ್ನೂ ಒಳಗೊಳ್ಳಬೇಕಾಗುತ್ತದೆ. ಮಳೆಗಾಲದ ಬಿಡುವು ಈ ಕೆಲಸಕ್ಕೂ ಒದಗಿಬರುವ ಕಾಲವಾಗಿದೆ.

ಇವನ್ನೂ ನೋಡಿ

- ಸೈಕಲ್
- ನಂಜನಗೂಡು
- ತಿರುಮಕೂಡಲು ನರಸೀಪುರ
- ಕಬಿನಿ ನದಿ
- ಆಯುಧಪೂಜೆ